ಗುರುವಾಯನಕೆರೆಯಲ್ಲಿ ಹತ್ತಿದ ಗಿಂಡಿ ದೀಪ

ಕಳೆದ ಭಾನುವಾರ ನಾನು ಒಂದು ಇಂಜಿನನ್ನು ಕೊಲ್ಲಲಿಕ್ಕೆ ಹೊರಟಿದ್ದೆ. ಮೈಮೇಲೆ ಪಟ್ಟೆ ಸೀರೆ, ತಲೆಯಲ್ಲಿ ಮಲ್ಲಿಗೆ, ಬಾಯಲ್ಲಿ ಶಾಸ್ತ್ರ. (ಕೊಲ್ಲುವವರು ಯಾವಾಗಲೂ ಕತ್ತಿ ಹಿಡಿದುಕೊಂಡೇ ಬರುವುದಿಲ್ಲ.)

ಹೇಳ್ತೇನೆ, ಕೇಳಿ.

ನನ್ನ ತಂಗಿಯ ಮೊಮ್ಮಗಳು ದೀಕ್ಷಾಳಿಗೆ ಮದುವೆ. ಹುಡುಗಿಯ ಮನೆ ನಮ್ಮ ನರಿಕೊಂಬಿನಲ್ಲಿಯೇ, ನನ್ನ ಅಂಗಳದಲ್ಲಿ ನಿಂತು ಕೂಗಿದರೆ ಕೇಳುವಷ್ಟು ಹತ್ತಿರ. ಮದುವೆಯ ಹಾಲ್ ವೇಣೂರಿನಲ್ಲಿ, ಗಂಡಿನ ಕಡೆಯವರ ಊರು. ಮುಹೂರ್ತ ಹನ್ನೊಂದು ಇಪ್ಪತ್ತಕ್ಕೆ. ಒಂಬತ್ತು ಗಂಟೆಗೆ ದಿಬ್ಬಣ ಹೊರಟರೆ ಆರಾಮ ಅಂತ ಎಲ್ಲರೂ ಹೇಳಿದ್ದು. ಹೊರಟದ್ದು ಹತ್ತು ಗಂಟೆಗೆ.

ಯಾಕೆ? ಫೋಟೋದವ.

ಮದುಮಗಳು ಮನೆಯ ಹೊಸ್ತಿಲು ದಾಟುವುದನ್ನು ಅವನು ಮೂರು ಸಲ ತೆಗೆದ. ಮೊದಲನೆಯ ಸಲ ಬಿಸಿಲು ಸರಿ ಬೀಳಲಿಲ್ಲವಂತೆ. ಎರಡನೆಯ ಸಲ ಹಿಂದೆ ಯಾರೋ ಪ್ಲಾಸ್ಟಿಕ್ ಬಕೆಟ್ ಹಿಡಿದು ಹಾದುಹೋದರಂತೆ. ಮೂರನೆಯ ಸಲ ಅವನ ಡ್ರೋನ್ ಹಲಸಿನ ಮರಕ್ಕೆ ಸಿಕ್ಕಿತು. ಹುಡುಗಿ ಮೂರು ಸಲ ಕಣ್ಣೀರು ಹಾಕಬೇಕಾಯಿತು. ಮೂರನೆಯ ಸಲ ಬಂದದ್ದು ಸಿಟ್ಟಿನ ಕಣ್ಣೀರು. ಫೋಟೋದಲ್ಲಿ ಅದೇ ಚೆಂದ ಬಂದಿದೆಯಂತೆ.

ಕಾರು ಹಮೀದನದ್ದು. ಏಳು ಸೀಟಿನ ಬಿಳಿ ಕಾರು, ಬಾಡಿಗೆಗೆ ಓಡಿಸುವುದು. ಹಮೀದ ನಮ್ಮ ನೆರೆಮನೆಯ ಅವ್ವಮ್ಮನ ಮಗ. ಅವ್ವಮ್ಮನೂ ನಾನೂ ಮೂವತ್ತು ವರ್ಷ ಒಂದೇ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದವರು. ಅವಳು ಈಗ ಇಲ್ಲ. ಹಮೀದ ಗಲ್ಫಿನಲ್ಲಿ ಹನ್ನೆರಡು ವರ್ಷ ಟ್ರಕ್ ಓಡಿಸಿ ಬಂದು, ಇದ್ದದ್ದನ್ನೆಲ್ಲ ಹಾಕಿ ಈ ಕಾರು ತೆಗೆದ. ಮನೆಯ ಗಂಜಿ, ಎರಡು ಹೆಣ್ಣುಮಕ್ಕಳ ಕಾಲೇಜು, ಎಲ್ಲ ಈ ನಾಲ್ಕು ಚಕ್ರದ ಮೇಲೆಯೇ. ಇದನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಅವತ್ತು ಇಟ್ಟುಕೊಳ್ಳಲಿಲ್ಲ.

ಯಾರು ಎಲ್ಲಿ ಕೂರಬೇಕು ಅಂತ ಹೇಳಿದವಳೂ ನಾನೇ. ಮುಂದಿನ ಸೀಟಿಗೆ ಮದುಮಗಳ ಸೋದರಮಾವ ಶೇಖರ, ನನ್ನ ತಂಗಿಯ ಮಗ. "ಸೋದರಮಾವ ಮುಂದೆ ಕೂರುವುದು ಕ್ರಮ" ಅಂದೆ. ನಡುವೆ ದೀಕ್ಷಾ, ಅವಳ ಪಕ್ಕ ಅವಳ ಅಮ್ಮ, ಇನ್ನೊಂದು ಪಕ್ಕ ನಾನು. ಉಳಿದವರೆಲ್ಲ ಹಿಂದೆ ಬಸ್ಸಿನಲ್ಲಿ. ಕಾರಿನ ಎದುರು ತೆಂಗಿನಕಾಯಿ ಒಡೆದಾಯಿತು. ನಾನು ಬಾಗಿಲು ಹಾಕಿಕೊಂಡು ಅಪ್ಪಣೆ ಕೊಟ್ಟೆ:

"ಹಮೀದೇ, ಇನ್ನು ಹಾಲಿನ ಗೇಟು ಕಾಣುವವರೆಗೆ ಎಲ್ಲಿಯೂ ನಿಲ್ಲಬಾರದು. ಹೊರಟ ದಿಬ್ಬಣ ನಿಲ್ಲಬಾರದು."

"ಆಯ್ತು ಗಿರಿಜಕ್ಕ" ಅಂದ.

"ಮತ್ತೆ ಸ್ವಲ್ಪ ಬೇಗ ಬಿಡು ಮಾರಾಯ. ಸಾವಿನ ಮನೆಗೆ ಹೋದ ಹಾಗೆ ಹೋಗಬೇಡ."

ಬಿಟ್ಟ. ಬಿ.ಸಿ. ರೋಡು ದಾಟಿದ್ದೂ ಗೊತ್ತಾಗಲಿಲ್ಲ, ಬಂಟ್ವಾಳ ದಾಟಿದ್ದೂ ಗೊತ್ತಾಗಲಿಲ್ಲ. ಪುಂಜಾಲಕಟ್ಟೆಯ ಏರಿನಲ್ಲಿ ಎರಡು ಬಸ್ಸು, ಒಂದು ಕೆಂಪುಕಲ್ಲಿನ ಲಾರಿ. ಮೂರನ್ನೂ ಹಿಂದೆ ಹಾಕಿದ. ಏರಿನಲ್ಲಿ ಇಂಜಿನ್ ಬೊಬ್ಬೆ ಹೊಡೆಯುತ್ತಿತ್ತು. ಒಳಗೆ ಎ.ಸಿ. ಬೇರೆ, ಮದುಮಗಳ ಮುಖದ ಬಣ್ಣ ಕರಗಬಾರದಲ್ಲ. ಮಡಂತ್ಯಾರು ಬರುವಾಗ ನನಗೇ ಹೊಟ್ಟೆ ತೊಳೆಸಿತು. ಬಾಯಿ ಮುಚ್ಚಿ ಕೂತೆ. ಬೇಗ ಬಿಡು ಅಂದವಳು ವಾಂತಿ ಮಾಡಿದರೆ ಮರ್ಯಾದೆ ಏನುಳಿಯಿತು?

ಗುರುವಾಯನಕೆರೆ ಜಂಕ್ಷನಿನಲ್ಲಿ ಒಂದು ಬಸ್ಸು ಅಡ್ಡ ತಿರುಗಿಸುತ್ತಿತ್ತು. ಅದರ ಹಿಂದೆ ಇನ್ನೊಂದು. ಎಲ್ಲ ನಿಂತಿತು. ನಾವೂ ನಿಂತೆವು. (ಟ್ರಾಫಿಕ್ಕಿಗೆ ನಿಂತದ್ದು ಲೆಕ್ಕಕ್ಕಿಲ್ಲ ಅಂತ ನಾನು ಮನಸ್ಸಿನಲ್ಲಿಯೇ ತೀರ್ಪು ಕೊಟ್ಟೆ. ಶಾಸ್ತ್ರಕ್ಕೆ ಇಂಥ ಸಣ್ಣ ಕಿಂಡಿ ನಾವೇ ಇಟ್ಟುಕೊಳ್ಳುವುದು.)

ಆಗ ಹಮೀದ ಸ್ಟಿಯರಿಂಗಿನ ಮೇಲೆ ಬಗ್ಗಿದ. ಆಕ್ಸಿಲರೇಟರಿನ ಮೇಲೆ ಕಾಲನ್ನು ಸ್ವಲ್ಪ ಒತ್ತಿದ. ಇಂಜಿನ್ ಗುರ್ ಅಂತು. ಕಾಲು ತೆಗೆದ. ಪುನಃ ಬಗ್ಗಿ ನೋಡಿದ.

"ಗಿರಿಜಕ್ಕ" ಅಂದ. ಸಣ್ಣ ಸ್ವರ. "ಆಯಿಲ್ ಪ್ರೆಶರಿನ ಲೈಟ್ ಹತ್ತಿದೆ. ಕಾಲು ಕೊಟ್ಟರೆ ಹೋಗ್ತದೆ, ಬಿಟ್ಟರೆ ಬರ್ತದೆ. ಒಮ್ಮೆ ಬದಿಗೆ ಹಾಕಿ ಆಫ್ ಮಾಡಿ ನೋಡುವ. ಹತ್ತು ನಿಮಿಷ."

ನಾನು ಕುತ್ತಿಗೆ ಉದ್ದ ಮಾಡಿ ನೋಡಿದೆ. ಅವನ ಎದುರಿನ ಗಾಜಿನ ಒಳಗೆ ಒಂದು ಕೆಂಪು ಚಿತ್ರ. ಮೂತಿ ಇರುವ ಗಿಂಡಿ, ಮೂತಿಯ ತುದಿಯಲ್ಲಿ ಒಂದು ತೊಟ್ಟು. ನಮ್ಮ ದೇವರ ಕೋಣೆಯಲ್ಲಿ ಇರ್ತದಲ್ಲ, ಅದೇ. ಕಿರುಬೆರಳಿನ ಉಗುರಿನಷ್ಟು ದೊಡ್ಡದು.

"ನೀನು ಆಯಿಲ್ ಹಾಕಿರಲಿಲ್ಲವಾ?"

"ಹಾಕಿದ್ದೆ. ಆದರೂ ಈ ಲೈಟು ಬಂದರೆ ಓಡಿಸಬಾರದು ಗಿರಿಜಕ್ಕ."

"ಗಂಟೆ ಎಷ್ಟಾಯಿತು?"

"ಹತ್ತು ಐವತ್ತು" ಅಂದ ಶೇಖರ, ಮೊಬೈಲಿನಿಂದ ತಲೆ ಎತ್ತದೆ. ಆ ದೀಪ ಅವನ ಮೊಣಕೈಯಿಂದ ಒಂದು ಗೇಣು ದೂರದಲ್ಲಿತ್ತು.

"ನಿಲ್ಲಿಸಲಿಕ್ಕಿಲ್ಲ" ಅಂದೆ. "ಹೊರಟ ದಿಬ್ಬಣ ನಿಲ್ಲಬಾರದು ಅಂತ ಆಗಲೇ ಹೇಳಿದ್ದೇನಲ್ಲ? ಹುಡುಗಿಯ ಮುಂದಿನ ಜೀವನಕ್ಕೆ ಒಳ್ಳೆಯದಲ್ಲ."

"ಅಜ್ಜಿ, ಹತ್ತು ನಿಮಿಷ ನಿಂತರೆ ನನ್ನ ಜೀವನಕ್ಕೆ ಎಂತ ಆಗ್ತದೆ?" ದೀಕ್ಷಾ ಕೇಳಿದಳು. "ಅವರು ಡ್ರೈವರ್, ಅವರಿಗೆ ಗೊತ್ತುಂಟು."

"ನೀನು ಸುಮ್ಮನೆ ಕೂರು. ಮದುಮಗಳು ದಾರಿಯಲ್ಲಿ ಮಾತಾಡಬಾರದು."

(ಈ ಶಾಸ್ತ್ರ ಆಗ ತಾನೇ ಹುಟ್ಟಿದ್ದು.)

ಹಮೀದ ಕನ್ನಡಿಯಲ್ಲಿ ನನ್ನನ್ನು ನೋಡಿದ. ಒಮ್ಮೆ ಮಾತ್ರ. ಎ.ಸಿ. ಆಫ್ ಮಾಡಿದ, ಕಿಟಕಿ ಇಳಿಸಿದ, ಗೇರ್ ಹಾಕಿದ.

ಅಲ್ಲಿಂದ ವೇಣೂರಿಗೆ ಅರ್ಧ ಗಂಟೆಯ ದಾರಿ. ಅಷ್ಟೂ ದಾರಿ ಅವನು ಹಾರ್ನ್ ಹಾಕಲಿಲ್ಲ, ಓವರ್‌ಟೇಕ್ ಮಾಡಲಿಲ್ಲ. ಹಂಪ್ ಬಂದಾಗಲೆಲ್ಲ ಕಾಲು ಬಿಡಲಿಕ್ಕೆ ಹೆದರುತ್ತಿದ್ದ. ಹಸಿ ಬಾಣಂತಿಯನ್ನು ಮನೆಗೆ ಕರೆದುಕೊಂಡು ಬರುವ ಹಾಗೆ ಕಾರನ್ನು ತಂದ. ಹನ್ನೊಂದು ಹದಿನೇಳಕ್ಕೆ ಗೇಟು. ಓಲಗದವರು ಊದಿದರು. ನಾನು ಸೆರಗು ಸರಿ ಮಾಡಿಕೊಂಡು ಗೆದ್ದವಳ ಹಾಗೆ ಇಳಿದೆ.

ಮಂಟಪದ ಹತ್ತಿರ ನನಗೆ ಮುಂದಿನ ಕುರ್ಚಿ. ಧಾರೆಯ ಹೊತ್ತು. ಹುಡುಗನ ಕೈ ಕೆಳಗೆ, ಹುಡುಗಿಯ ಕೈ ಮೇಲೆ, ಅದರ ಮೇಲೆ ಗಿಂಡಿಯ ನೀರು. ದೀಕ್ಷಾಳ ಅಪ್ಪ ಗಿಂಡಿ ಬಗ್ಗಿಸಿದರು. ಮೂತಿಯ ತುದಿಯಲ್ಲಿ ಒಂದು ತೊಟ್ಟು ನಿಂತಿತು, ಬೀಳಲೋ ಬೇಡವೋ ಅಂತ.

ಅದೇ ಚಿತ್ರ.

ನಾನು ಎಷ್ಟೋ ಧಾರೆ ನೋಡಿದ್ದೇನೆ. ಆದರೆ ಈ ಸಲ ನನಗೆ ಹುಡುಗಿ ಕಾಣಲಿಲ್ಲ. ಕನ್ನಡಿಯಲ್ಲಿ ನೋಡಿದ ಹಮೀದನ ಕಣ್ಣು ಕಂಡಿತು. ಅದು ಅವ್ವಮ್ಮನ ಕಣ್ಣು. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಚೆಕ್ಕರ್ ಅವಳ ಕಟ್ಟನ್ನು ಎತ್ತಿ ಬಿಸಾಡಿದಾಗ ಅವಳು ಹಾಗೆಯೇ ಒಮ್ಮೆ ನೋಡಿ ಸುಮ್ಮನಾಗುತ್ತಿದ್ದಳು.

ಅಕ್ಷತೆ ಹಾಕಿದೆ. ಎದ್ದು ಹೊರಗೆ ಬಂದೆ.

ಹಾಲಿನ ಹಿಂದೆ, ಗೋಳಿಮರದ ನೆರಳಿನಲ್ಲಿ ಕಾರು. ಬಾನೆಟ್ ತೆರೆದಿತ್ತು. ಹಮೀದ ಅದರ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದ.

"ಮೂಡುಬಿದಿರೆಯ ಮೆಕ್ಯಾನಿಕ್ ವಿಕ್ಟರಣ್ಣನಿಗೆ ಫೋನ್ ಮಾಡಿದ್ದೇನೆ" ಅಂದ. "ಸ್ಟಾರ್ಟ್ ಮಾಡಬೇಡ, ನಾನೇ ಬರ್ತೇನೆ ಅಂದಿದ್ದಾರೆ. ನೀವು ಊಟಕ್ಕೆ ಹೋಗಿ ಗಿರಿಜಕ್ಕ."

"ಹಾಳಾಗಿದ್ದರೆ?"

"ಹಾಳಾಗಿದ್ದರೆ ಇಂಜಿನ್ ಇಳಿಸಿ ಬಿಚ್ಚಬೇಕು."

ಅಷ್ಟೇ. ಒಂದು ಬೈಗುಳ ಇಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ಅಲ್ಲಿಗೆ ಸಮ ಆಗುತ್ತಿತ್ತು. ಅವನು ಅದಕ್ಕೂ ಅವಕಾಶ ಕೊಡಲಿಲ್ಲ. ನಾನು ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಂದು ಅಲ್ಲಿಯೇ ಕೂತೆ. ಒಳಗೆ ಪಂಕ್ತಿ ಬಿತ್ತು. ಗಸಗಸೆ ಪಾಯಸದ ಪರಿಮಳ ಬಂತು. ಕೂತೇ ಇದ್ದೆ.

ವಿಕ್ಟರ್ ಸ್ಕೂಟರಿನಲ್ಲಿ ಬಂದರು. ಅರುವತ್ತರ ಮೇಲಿನ ಪ್ರಾಯ, ಅಂಗಿಗಿಂತ ಕೈ ಹೆಚ್ಚು ಕಪ್ಪು. ನಮ್ಮ ಕಡೆ ಕ್ರಿಶ್ಚಿಯನ್ ಗಂಡಸರನ್ನು ಪೊರ್ಬು ಅಂತ ಕರೆಯುವುದು. ನಾನೂ ಹಾಗೆಯೇ ಕರೆದೆ.

"ಪೊರ್ಬುಗಳೇ, ಬದುಕ್ತದಾ?"

"ನೋಡುವ ಅಮ್ಮ. ಪೇಷಂಟನ್ನು ಮುಟ್ಟುವ ಮೊದಲೇ ಬೊಜ್ಜಕ್ಕೆ ದಿನ ಇಡಬೇಡಿ."

ಬೊಜ್ಜ ಅಂದರೆ ನಮ್ಮಲ್ಲಿ ಸತ್ತವರ ಉತ್ತರಕ್ರಿಯೆ. ಹಮೀದ ನಗಲಿಲ್ಲ.

ಪೊರ್ಬುಗಳು ಮೊದಲು ಆಯಿಲ್ ಅಳೆಯುವ ಕಡ್ಡಿ ಎಳೆದರು. ಬಟ್ಟೆಯಲ್ಲಿ ಒರೆಸಿದರು, ಪುನಃ ಅದ್ದಿದರು, ಬೆಳಕಿಗೆ ಹಿಡಿದರು. ಎರಡು ಗೆರೆಯ ನಡುವೆ, ಕೆಳಗಿನ ಗೆರೆಗೆ ಹತ್ತಿರ. "ಕಮ್ಮಿ ಉಂಟು. ಆದರೆ ಲೈಟು ಹತ್ತುವಷ್ಟು ಕಮ್ಮಿ ಅಲ್ಲ." ಒಂದು ತೊಟ್ಟನ್ನು ಬೆರಳಿನ ನಡುವೆ ಉಜ್ಜಿದರು, ಮೂಸಿದರು. ನಾವು ಹೊಗೆಸೊಪ್ಪು ನೋಡುತ್ತಿದ್ದದ್ದು ಹಾಗೆಯೇ. ಆಮೇಲೆ ನೆಲದಲ್ಲಿ ಮಲಗಿ ಕಾರಿನ ಅಡಿ ನೋಡಿದರು. ಎಲ್ಲಿಯೂ ಸೋರಿಲ್ಲ.

ಎದ್ದು ಕೂತು ವಿಚಾರಣೆ ಶುರು ಮಾಡಿದರು.

"ಲೈಟು ಹತ್ತಿದ್ದು ಓಡುವಾಗಲಾ, ನಿಂತಾಗಲಾ?"

"ನಿಂತಾಗ. ಗುರುವಾಯನಕೆರೆಯಲ್ಲಿ."

"ಅಲ್ಲಿಯವರೆಗೆ ಹೇಗೆ ಬಂದೆ?"

"ಸ್ವಲ್ಪ ಜೋರು."

"ಸ್ವಲ್ಪವಾ?"

"ಪೂರಾ ಜೋರು."

"ಲೈಟು ಕಂಡ ಮೇಲೆ ಎಷ್ಟು ಓಡಿಸಿದೆ?"

ಹಮೀದ ಗೋಳಿಮರ ನೋಡಿದ. "ಇಲ್ಲಿಯವರೆಗೆ."

ಪೊರ್ಬುಗಳ ಮುಖ ಕೆಂಪಾಯಿತು. "ನಿನಗೆ ಮಂಡೆ ಸಮ ಉಂಟಾ? ಇಷ್ಟು ವರ್ಷ ಗಲ್ಫಿನಲ್ಲಿ ಕತ್ತೆ ಓಡಿಸಿದ್ದಾ? ಬೇರೆ ಯಾವ ಲೈಟು ಬಂದರೂ ಮನೆಗೆ ಹೋಗಿ ನೋಡಬಹುದು. ಇದು ಬಂದರೆ ಅಲ್ಲಿಯೇ, ಆ ಕ್ಷಣ, ಆಫ್. ಯಾಕೆ ನಿಲ್ಲಿಸಲಿಲ್ಲ?"

"ಅರ್ಜೆಂಟ್ ಇತ್ತು ವಿಕ್ಟರಣ್ಣ."

ಕೇಳಿದಿರಾ? ಅರ್ಜೆಂಟ್ ಇತ್ತಂತೆ. ನಾನು ಎರಡು ಮಾರು ದೂರದಲ್ಲಿ ಕೂತಿದ್ದೇನೆ. ಬೆರಳು ತೋರಿಸಿದರೆ ಮುಗಿಯಿತು. ತೋರಿಸಲಿಲ್ಲ.

"ಅವನು ನಿಲ್ಲಿಸಬೇಕು ಅಂದ. ನಾನು ಬಿಡಲಿಲ್ಲ" ಅಂದೆ.

ಪೊರ್ಬುಗಳು ನನ್ನನ್ನು ನೋಡಿದರು. ನನ್ನ ಪ್ರಾಯ ನೋಡಿ ಬಾಯಿಗೆ ಬಂದದ್ದನ್ನು ನುಂಗಿದರು. (ಪ್ರಾಯದ ಲಾಭ ಇದು. ತಪ್ಪು ಮಾಡಿದರೂ ಬೈಗುಳ ಇಲ್ಲ.)

ಅವರೇ ನನಗೆ ಬಿಡಿಸಿ ಹೇಳಿದರು. ಇಂಜಿನಿನ ಅಡಿಯಲ್ಲಿ ಆಯಿಲ್ ಇದ್ದರೆ ಸಾಲದು. ಒಂದು ಪಂಪು ಅದನ್ನು ಒತ್ತಿ ಮೇಲೆ ಕಳಿಸಬೇಕು, ತಿರುಗುವ ಎಲ್ಲ ಭಾಗಕ್ಕೂ ಮುಟ್ಟಿಸಬೇಕು. ಬಾವಿಯಲ್ಲಿ ನೀರಿದ್ದು ಪಂಪು ಎತ್ತದಿದ್ದರೆ ನಳ್ಳಿಯಲ್ಲಿ ಬರ್ತದಾ? ಹಾಗೆ. ಜೋರಾಗಿ ಓಡಿಸಿದರೆ ಆಯಿಲ್ ಕಾದು ನೀರಾಗ್ತದೆ. ಆಮೇಲೆ ಒಮ್ಮೆಲೇ ನಿಂತರೆ ಪಂಪು ನಿಧಾನ ಆಗ್ತದೆ. ಆಗಲೇ ಒತ್ತಡ ಎಲ್ಲಕ್ಕಿಂತ ಕಮ್ಮಿ. ಅಶಕ್ತಿ ಇದ್ದರೆ ಗೊತ್ತಾಗುವುದು ಆಗಲೇ.

"ಈಗ ಮೂರರಲ್ಲಿ ಒಂದು" ಅಂದರು. "ಪಂಪು ಸೋತಿರಬೇಕು. ಇಲ್ಲ, ಒಳಗೆ ಸವೆದಿರಬೇಕು. ಇಲ್ಲದಿದ್ದರೆ ಲೈಟು ಹತ್ತಿಸುವ ಸ್ವಿಚ್ಚೇ ಸುಳ್ಳು ಹೇಳಿರಬೇಕು. ಮೊದಲಿನ ಎರಡಾದರೆ ಇಂಜಿನ್ ಇಳಿಸುವುದು. ಅದರ ಮೇಲೆ ಇವನು ಅರ್ಧ ಗಂಟೆ ಓಡಿಸಿದ್ದಾನೆ ಬೇರೆ."

ಇಂಜಿನಿನ ಬದಿಯಿಂದ ಹೆಬ್ಬೆರಳಿನಷ್ಟು ದೊಡ್ಡ ಸ್ವಿಚ್ಚನ್ನು ಬಿಚ್ಚಿದರು. ಆ ತೂತಿಗೆ ಒಂದು ಪೈಪು ತಿರುಪಿದರು. ಪೈಪಿನ ತುದಿಯಲ್ಲಿ ಗಡಿಯಾರದ ಹಾಗೆ ಮುಳ್ಳಿರುವ ಒಂದು ಮೀಟರು. ಆಯಿಲ್ ಸ್ವಲ್ಪ ಹಾಕಿದರು. "ಸ್ಟಾರ್ಟ್ ಮಾಡು. ನಾನು ಕೈ ಎತ್ತಿದರೆ ಆಫ್ ಮಾಡಬೇಕು, ಆಗಲಾದರೂ."

ಸ್ಟಾರ್ಟ್ ಆಯಿತು. ಮುಳ್ಳು ಮೇಲೆ ಹೋಗಿ ನಿಂತಿತು.

"ಆಯಿತಲ್ಲ? ಉಂಟಲ್ಲ ಪ್ರೆಶರು?" ಅಂದೆ.

"ತಣ್ಣಗಿರುವಾಗ ಎಲ್ಲರೂ ಒಳ್ಳೆಯವರೇ ಅಮ್ಮ. ಬಿಸಿ ಆಗಲಿ."

ಕಾದೆವು. ಪೊರ್ಬುಗಳು ಕಾಲು ಕೊಡಿಸಿ ಕೊಡಿಸಿ ಇಂಜಿನ್ ಬಿಸಿ ಮಾಡಿದರು. ಫ್ಯಾನ್ ತಿರುಗಿತು, ನಿಂತಿತು, ಪುನಃ ತಿರುಗಿತು. ಒಳಗೆ ಎರಡನೆಯ ಪಂಕ್ತಿ ಕೂತಿತು. ಆಮೇಲೆ "ಕಾಲು ಬಿಡು" ಅಂದರು. ಇಂಜಿನ್ ಮೆಲ್ಲ ಆಯಿತು. ಮುಳ್ಳು ಇಳಿಯಿತು. ಇನ್ನೂ ಇಳಿಯಿತು. ಹಮೀದ ಮುಳ್ಳು ನೋಡುತ್ತಿರಲಿಲ್ಲ, ಪೊರ್ಬುಗಳ ಕೈ ನೋಡುತ್ತಿದ್ದ, ಅದು ಮೇಲೆ ಹೋಗ್ತದಾ ಅಂತ. ನಾನು ಮಾತ್ರ ಮುಳ್ಳನ್ನೇ ನೋಡಿದೆ. ಅಷ್ಟು ಸಣ್ಣ ಮುಳ್ಳನ್ನು ಅಷ್ಟು ಹೊತ್ತು ನಾನು ಯಾವತ್ತೂ ನೋಡಿದವಳಲ್ಲ.

ನಿಂತಿತು. ಅಲ್ಲಿಯೇ ನಿಂತಿತು. ಅಲ್ಲಾಡಲಿಲ್ಲ.

ಪೊರ್ಬುಗಳು ಇನ್ನೂ ಐದು ನಿಮಿಷ ಬಿಟ್ಟರು. ಒಂದು ಉದ್ದದ ಸ್ಕ್ರೂಡ್ರೈವರನ್ನು ಇಂಜಿನಿಗೆ ಒತ್ತಿ, ಅದರ ಹಿಡಿಗೆ ಕಿವಿ ಕೊಟ್ಟು ಕೇಳಿದರು. ಕಾಲು ಕೊಡಿಸಿದರು, ಮುಳ್ಳು ಏರಿತು. ಬಿಡಿಸಿದರು, ಇಳಿದು ಅದೇ ಜಾಗದಲ್ಲಿ ನಿಂತಿತು.

"ಇಂಜಿನಿಗೆ ಎಂತದೂ ಆಗಲಿಲ್ಲ" ಅಂದರು. "ಸ್ವಿಚ್ಚು ಹಳೆಯದಾಗಿದೆ. ಬಿಸಿಯಾಗಿ ಪ್ರೆಶರು ಸ್ವಲ್ಪ ಇಳಿಯುವುದು ಇದ್ದದ್ದೇ. ಒಳ್ಳೆಯ ಸ್ವಿಚ್ಚು ಅಷ್ಟಕ್ಕೆ ಸುಮ್ಮನಿರ್ತದೆ. ಇದು ಪ್ರಾಯ ಆಗಿ ಸಣ್ಣದಕ್ಕೂ ಬೊಬ್ಬೆ ಹಾಕ್ತದೆ."

ಹೇಳಿದ ಮೇಲೆ ನನ್ನ ಕಡೆ ನೋಡಿ ನಾಲಗೆ ಕಚ್ಚಿಕೊಂಡರು. ಹಮೀದ ಆಗ ನಕ್ಕ. ನಕ್ಕು, ಕಾರಿನ ಆಚೆ ಬದಿಗೆ ಹೋಗಿ ಬೆನ್ನು ಹಾಕಿ ನಿಂತು ಮುಖ ಒರೆಸಿಕೊಂಡ. ಬೆವರು ಇರಬಹುದು. ನಾನು ನೋಡಲಿಕ್ಕೆ ಹೋಗಲಿಲ್ಲ.

ಪೊರ್ಬುಗಳು ಜತೆಗೆ ತಂದಿದ್ದ ಹೊಸ ಸ್ವಿಚ್ಚು ಕೂತಿತು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ನಿಜವಾದ ರಗಳೆ ಶುರುವಾದದ್ದೇ ಇಲ್ಲಿ.

ಶೇಖರ ಐಸ್‌ಕ್ರೀಮ್ ಕಪ್ಪು ಹಿಡಿದುಕೊಂಡು ಬಂದ. ವಿಷಯ ಕೇಳಿದ. "ನೋಡಿದಿರಾ!" ಅಂದ. "ದೊಡ್ಡಮ್ಮ ಹೇಳಿದ್ದೇ ಸರಿ ಆಯಿತು. ಅಲ್ಲಿ ನಿಂತಿದ್ದರೆ ಮುಹೂರ್ತ ಹೋಗುತ್ತಿತ್ತು. ಲೈಟು ಸುಳ್ಳು, ಶಾಸ್ತ್ರ ಸತ್ಯ!"

ನಾನು ಬಾಯಿ ತೆರೆಯುವ ಮೊದಲೇ ಅವನು ಒಳಗೆ ಹೋದ. ಮೂರನೆಯ ಪಂಕ್ತಿ ಏಳುವಾಗ ಇಡೀ ಹಾಲಿಗೆ ಗೊತ್ತು. ಬಂದವರೆಲ್ಲ ನನ್ನ ಕೈ ಹಿಡಿದದ್ದೇ ಹಿಡಿದದ್ದು. "ಹಿರಿಯರ ಮಾತು ಅಂದರೆ ಇದು." "ಈಗಿನವರಿಗೆ ಎಲ್ಲಿ ಗೊತ್ತುಂಟು?" ಒಬ್ಬರು, ದೈವವೇ ನನ್ನ ಬಾಯಲ್ಲಿ ನುಡಿದದ್ದು ಅಂದರು. ದೈವಕ್ಕೆ ಅಷ್ಟು ಬಿಡುವು ಇದ್ದಿದ್ದರೆ ಫೋಟೋದವನ ಕೆಲಸವನ್ನು ಬೇಗ ಮುಗಿಸುತ್ತಿರಲಿಲ್ಲವಾ?

ಈಗ ನನ್ನ ಮಾತು ಕೇಳಿ. (ಇವಳು ಇದನ್ನು ಬಿ.ಪಿ., ಶುಗರಿನ ಕಡೆ ತಿರುಗಿಸುತ್ತಾಳೆ ಅಂತ ಕಾಯುತ್ತಿದ್ದರೆ, ಇಲ್ಲ. ಅದಕ್ಕೆ ಡಾಕ್ಟ್ರಿದ್ದಾರೆ.)

ನಾನು ಕಲಿತದ್ದು ಎರಡನೆಯ ಕ್ಲಾಸು. ಉಳಿದದ್ದೆಲ್ಲ ಬೀಡಿ ಬ್ರಾಂಚಿನಲ್ಲಿ ಕಲಿತದ್ದು. ಅಲ್ಲಿ ಚೆಕ್ಕರ್ ನಮ್ಮ ಕಟ್ಟನ್ನು ಕೈಯಲ್ಲಿ ಒತ್ತಿ ನೋಡುತ್ತಿದ್ದ. ನಡುವೆ ಟೊಳ್ಳು ಇದ್ದರೆ ಬೆರಳಿಗೆ ಗೊತ್ತಾಗುತ್ತದೆ. ಮನೆಯಲ್ಲಿ ಕಷ್ಟ ಇದ್ದ ವಾರ ನಾನೂ ಕೆಲವು ಕಟ್ಟಿನಲ್ಲಿ ಹೊಗೆಸೊಪ್ಪು ಕಮ್ಮಿ ತುಂಬಿಸಿ ಒಯ್ದವಳೇ. ಶನಿವಾರ ಜನ ಹೆಚ್ಚು. ಚೆಕ್ಕರಿಗೆ ಅವಸರ. ಒತ್ತದೆ ಆಚೆ ಇಟ್ಟ. ಪಾಸ್. ಅವತ್ತು ದಾರಿಯಲ್ಲಿ ನಾನು ಹಲ್ಲು ಕಿರಿದು ಹೇಳಿದೆ, "ನನ್ನ ಬೀಡಿ ಒಳ್ಳೆಯದಿತ್ತು, ನೋಡು."

ಅವ್ವಮ್ಮ ಹೇಳಿದಳು, "ಒಳ್ಳೆಯದಿತ್ತು ಅಂತ ಅಲ್ಲ ಗಿರಿಜಾ. ಒತ್ತಲಿಲ್ಲ, ಅಷ್ಟೇ."

ಗುರುವಾಯನಕೆರೆಯಲ್ಲಿ ನಾನು ಸರಿ ಇರಲಿಲ್ಲ. ನನ್ನನ್ನು ಯಾರೂ ಒತ್ತಲಿಲ್ಲ, ಅಷ್ಟೇ. ಆ ಹೊತ್ತಿಗೆ ನನಗೆ ಸ್ವಿಚ್ಚು ಹಾಳಾದದ್ದು ಗೊತ್ತಿತ್ತಾ? ಇಲ್ಲ. ಹಮೀದನಿಗೆ ಗೊತ್ತಿತ್ತಾ? ಇಲ್ಲ. ಗೊತ್ತಿದ್ದದ್ದು ಒಂದೇ, ಕೆಂಪು ದೀಪ. ಅದನ್ನು ನೋಡಿ ನಿಲ್ಲಿಸಬೇಕು ಅಂದವ ಸರಿ. ಬೇಡ ಅಂದವಳು ತಪ್ಪು. ಕೊನೆಗೆ ಏನಾಯಿತು ಅನ್ನುವುದರಿಂದ ಇದು ಬದಲಾಗುವುದಿಲ್ಲ. ನಮ್ಮಲ್ಲಿ ಏನಾಗುತ್ತದೆ? ಪಾರಾದವರೆಲ್ಲ ಬುದ್ಧಿವಂತರಾಗುತ್ತಾರೆ. ಹೆಲ್ಮೆಟ್ ಇಲ್ಲದೆ ಮೂವತ್ತು ವರ್ಷ ಬೈಕ್ ಬಿಟ್ಟವ, ಕರೆಂಟಿನ ತಂತಿಯ ಅಡಿಯಲ್ಲಿ ಅಲ್ಯೂಮಿನಿಯಂ ಕೊಕ್ಕೆ ಹಿಡಿದು ಕಾಯಿ ಕೊಯ್ದವ. "ನನಗೆ ಎಂತ ಆಗಿದೆ?" ಅಂತ ಕೇಳುತ್ತಾರೆ. ಆದವರು ಕೇಳಲಿಕ್ಕೆ ಬರುವುದಿಲ್ಲ.

ಇನ್ನೊಂದು ವಿಷಯ ಉಂಟು. ಅದನ್ನು ಹಾಲಿನಲ್ಲಿ ಯಾರಿಗೂ ಹೇಳಲಿಲ್ಲ, ಇಲ್ಲಿ ಹೇಳ್ತೇನೆ.

ಹೊರಟ ದಿಬ್ಬಣ ನಿಲ್ಲಬಾರದು ಅಂತ ನನಗೆ ಯಾರೂ ಹೇಳಿದ್ದಲ್ಲ.

ನನ್ನ ಮದುವೆಯ ದಿನ ನನ್ನ ಅಜ್ಜಿ ಹೇಳಿದ್ದು, "ಹೊರಟ ಮೇಲೆ ಹಿಂದೆ ತಿರುಗಿ ನೋಡಬೇಡ ಮಗಾ, ಅಳು ಬರ್ತದೆ." ಅಷ್ಟೇ. ಅದು ಶಾಸ್ತ್ರವೂ ಅಲ್ಲ, ಮರುಕ. ಮತ್ತೆ ನಮ್ಮ ದಿಬ್ಬಣ ನಡೆದುಕೊಂಡು ಹೋದದ್ದು, ನಿಂತದ್ದಕ್ಕೆ ಲೆಕ್ಕ ಇಲ್ಲ. ನೀರು ಬೆಲ್ಲಕ್ಕೆ ನಿಂತಿತು. ಹೊಳೆ ದಾಟಲಿಕ್ಕೆ ದೋಣಿ ಕಾದು ನಿಂತಿತು. ನನ್ನ ಮಾವನೊಬ್ಬ ಶೇಂದಿ ಅಂಗಡಿಯ ಎದುರು ನಿಲ್ಲಿಸಿದ, ಅಲ್ಲಿ ಎಷ್ಟು ಹೊತ್ತು ಅಂತ ಕೇಳಬೇಡಿ. ಆಮೇಲೆ ನಾನು ದೊಡ್ಡವಳಾದೆ, ಊರಿನ ಮದುವೆಗಳಲ್ಲಿ ನನ್ನನ್ನು ಮುಂದೆ ಕೂರಿಸಿದರು. "ತಿರುಗಿ ನೋಡಬಾರದು" ಅಂತ ಹೇಳಿದೆ. ಒಂದು ಮದುವೆಯಲ್ಲಿ ಅದು "ಹಿಂದೆ ಬರಬಾರದು" ಆಯಿತು. ಇನ್ನೊಂದರಲ್ಲಿ "ನಿಲ್ಲಬಾರದು" ಆಯಿತು. ಯಾರೂ ಕೇಳಲಿಲ್ಲ, ಎಲ್ಲಿಂದ ತಂದೆ ಅಂತ. ಬಿಳಿ ಕೂದಲಿನಿಂದ ಬಂದ ಮಾತಿಗೆ ಯಾರೂ ಬಿಲ್ಲು ಕೇಳುವುದಿಲ್ಲ.

ಸಂಜೆ ವಾಪಸು ಬರುವಾಗ ಕಾರಿನಲ್ಲಿ ನಾನು, ಹಮೀದ ಇಬ್ಬರೇ. ದೀಕ್ಷಾ ಗಂಡನ ಮನೆಗೆ ಹೋಗಿಯಾಗಿತ್ತು. ಉಳಿದವರು ಬಸ್ಸಿಗೆ ಹತ್ತಿದರು. ಗುರುವಾಯನಕೆರೆ ಬಂತು.

"ನಿಲ್ಲಿಸು" ಅಂದೆ.

"ಎಂತಕ್ಕೆ?"

"ಚಾ ಕುಡಿಯುವ."

ಬೆಳಿಗ್ಗೆ ದೀಪ ಹತ್ತಿದ ಜಾಗದಿಂದ ಹತ್ತು ಹೆಜ್ಜೆಗೆ ಹೋಟೆಲು. ಚಾ ಬಂತು, ಗೋಳಿಬಜೆ ಬಂತು. ಬೆಳಿಗ್ಗೆಯಿಂದ ಇಬ್ಬರ ಹೊಟ್ಟೆಗೂ ಏನೂ ಹೋಗಿರಲಿಲ್ಲ. ಕೇಳಿಯೇ ಬಿಟ್ಟೆ.

"ನಿನಗೆ ಗೊತ್ತಿತ್ತಲ್ಲ, ನಿಲ್ಲಿಸಬೇಕು ಅಂತ. ನಾನು ಹೇಳಿದೆ ಅಂತ ಯಾಕೆ ಕೇಳಿದೆ? ನಾನೇನು ಮೆಕ್ಯಾನಿಕ್ಕಾ?"

ಹಮೀದ ಗೋಳಿಬಜೆ ಮುರಿದ. ತಿನ್ನಲಿಲ್ಲ.

"ನೀವು ಗಂಟೆ ಆಯಿತು ಅಂತ ಹೇಳಿದ್ದರೆ ನಾನು ಜಗಳ ಮಾಡಿಯಾದರೂ ನಿಲ್ಲಿಸುತ್ತಿದ್ದೆ ಗಿರಿಜಕ್ಕ. ನೀವು ಶಾಸ್ತ್ರ ಅಂದಿರಿ. ನಿಮ್ಮ ಶಾಸ್ತ್ರಕ್ಕೆ ನಾನು ಹೇಗೆ ಅಡ್ಡ ಬರುವುದು?"

ನಾನು ಚಾದ ಗ್ಲಾಸು ಕೆಳಗಿಟ್ಟೆ.

"ಮತ್ತೆ ಈಗಿನ ದಿನ" ಅಂದ. "ನಿಲ್ಲಿಸಿ ಮುಹೂರ್ತ ತಪ್ಪಿದ್ದರೆ? ಕಾರು ಕೆಟ್ಟಿತು ಅಂತ ಹೇಳುತ್ತಿರಲಿಲ್ಲ ಜನ. ಹಮೀದನ ಕಾರು ಕೆಟ್ಟಿತು ಅಂತ ಹೇಳುತ್ತಿದ್ದರು. ಇಂಜಿನ್ ಹೋದರೆ ಹೋಗಲಿ ಅಂತ ಬಿಟ್ಟೆ."

ಚಾ ಆರಿತು.

ಶೇಖರನ ಮಗನಾಗಿದ್ದರೆ "ನಿಮ್ಮ ತಲೆ ಅಜ್ಜಿ, ಸುಮ್ಮನಿರಿ" ಅಂತ ಹೇಳಿ ಕಾರು ಬದಿಗೆ ಹಾಕುತ್ತಿದ್ದ. ಅವ್ವಮ್ಮನ ಮಗನಿಗೆ ಆ ಸ್ವಾತಂತ್ರ್ಯ ಇರಲಿಲ್ಲ. ಮೂವತ್ತು ವರ್ಷ ಒಂದೇ ಜಗಲಿಯಲ್ಲಿ ಕೂತ ನನಗೆ ಅದು ಹೊಳೆಯಲೇ ಇಲ್ಲ. ಅವನ ಮರ್ಯಾದೆಯನ್ನು ನಾನು ಒಪ್ಪಿಗೆ ಅಂದುಕೊಂಡೆ.

"ಕೇಳು" ಅಂದೆ. "ಇನ್ನು ಮುಂದೆ ನಾನು ನಿಲ್ಲಿಸಬೇಡ ಅಂದರೂ ನೀನು ನಿಲ್ಲಿಸಬೇಕು. ನನ್ನ ಮಾತು ಕೇಳಬಾರದು."

ಹಮೀದ ನಕ್ಕ. "ಹಾಗೆ ಮಾಡಿದರೂ ನಿಮ್ಮ ಮಾತು ಕೇಳಿದ ಹಾಗೆಯೇ ಆಯಿತಲ್ಲ ಗಿರಿಜಕ್ಕ?"

ಅವ್ವಮ್ಮನ ಮಗನೇ ಸರಿ.

ಮೊನ್ನೆ ಶೇಖರನ ಫೋನ್ ಬಂತು. ಮುಂದಿನ ತಿಂಗಳು ಅವನ ಮಗನ ಮದುವೆ, ಹಾಲ್ ಬೆಳ್ತಂಗಡಿಯಲ್ಲಿ.

"ದೊಡ್ಡಮ್ಮ, ಮದುಮಗನ ಕಾರಿನಲ್ಲಿ ನೀವೇ ಕೂರಬೇಕು. ನೀವು ಕೂತ ಕಾರಿಗೆ ಎಂತದೂ ಆಗುವುದಿಲ್ಲ ಅಂತ ಎಲ್ಲರೂ ಹೇಳ್ತಾರೆ."

"ಕಾರು ಯಾರದ್ದು?"

"ಹಮೀದನದ್ದೇ."

"ಬರ್ತೇನೆ. ಆದರೆ ನನಗೆ ಮುಂದಿನ ಸೀಟು ಬೇಕು. ಆ ದೀಪ ನನ್ನ ಕಣ್ಣಿಗೂ ಕಾಣಬೇಕು. ಹತ್ತಿದರೆ ನಿಲ್ಲಿಸು ಅಂತ ನಾನೇ ಹೇಳ್ತೇನೆ."

"ಅದು ಹೇಗೆ ಆಗ್ತದೆ ದೊಡ್ಡಮ್ಮ? ಮುಂದಿನ ಸೀಟು ಸೋದರಮಾವನಿಗೆ. ಅದು ಕ್ರಮ."

"ಅಂಥ ಕ್ರಮ ಯಾರು ಹೇಳಿದ್ದು ನಿನಗೆ?"

"ನೀವೇ ಅಲ್ಲವಾ?"

ಸ್ವಿಚ್ಚು ಹಳೆಯದಾದರೆ ಪೊರ್ಬುಗಳು ಹೊಸತು ಹಾಕಿಕೊಡುತ್ತಾರೆ. ನಾಲಗೆ ಹಳೆಯದಾದರೆ?